ಏಳುವ ಹೊತ್ತು ಒಂದನ್ನೇ ಹಿಡಿದುಕೊಂಡೆ

ಮೊದಲ ಸಲ ನಾನು ಎಲ್ಲವನ್ನೂ ಒಂದೇ ದಿನ ಶುರು ಮಾಡಿದ್ದೆ. ಬೆಳಿಗ್ಗೆ 4.30ಕ್ಕೆ ಏಳಬೇಕು, ಅರ್ಧ ಗಂಟೆ ವ್ಯಾಯಾಮ, 20 ನಿಮಿಷ ಧ್ಯಾನ, ಹತ್ತು ಪುಟ ಓದು, ಆಮೇಲೆ ಡೈರಿ. ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದೂ ಆಯ್ತು. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಅಲಾರಂ ಆರಿಸಿ ಮಗ್ಗಲು ಬದಲಿಸಿದವನು ಎದ್ದಿದ್ದು 8ಕ್ಕೆ. ನನ್ನ ಕೈಲಿ ಆಗಲ್ಲ ಬಿಡು ಅಂತ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಮನಸ್ಸು ಗಟ್ಟಿ ಇಲ್ಲ ಅಂತ ನನ್ನನ್ನೇ ಬೈದುಕೊಂಡಿದ್ದೆ. ಆದರೆ ಲೆಕ್ಕ ಹಾಕಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಮಲಗುತ್ತಿದ್ದದ್ದು ರಾತ್ರಿ 12ಕ್ಕೆ. ಅಂದರೆ ನಿದ್ದೆ ನಾಲ್ಕೂವರೆ ಗಂಟೆ. ದೊಡ್ಡವರಿಗೆ ಕಡಿಮೆ ಅಂದರೂ 7 ಗಂಟೆ ಬೇಕು. ಆ ಒಂಬತ್ತು ದಿನ ನಾನು ದಿನಾ ಸಾಲ ಮಾಡುತ್ತಿದ್ದೆ, ಹತ್ತನೇ ದಿನ ಮೈ ಅದನ್ನು ವಸೂಲಿ ಮಾಡಿಕೊಂಡಿತು.

ಎರಡನೇ ಸಲ ಒಂದೇ ವಿಷಯ ಇಟ್ಟುಕೊಂಡೆ. 6.15ಕ್ಕೆ ಏಳುವುದು. ಭಾನುವಾರವೂ ಅಷ್ಟೇ.

ಭಾನುವಾರದ್ದೇ ಕಷ್ಟ, ಅಲ್ವಾ? ವಾರವಿಡೀ ದುಡಿದವನಿಗೆ ಅದೊಂದು ದಿನ ಮಲಗಬೇಕು ಅನಿಸುತ್ತೆ. ಆದರೆ ರಜೆ ದಿನ 9ರವರೆಗೆ ಮಲಗಿದಾಗೆಲ್ಲ ಆ ರಾತ್ರಿ 1 ಗಂಟೆಯಾದರೂ ನಿದ್ದೆ ಬರುತ್ತಿರಲಿಲ್ಲ, ಸೋಮವಾರ ತಲೆ ಭಾರ. ದೂರದ ದೇಶದಿಂದ ವಿಮಾನದಲ್ಲಿ ಬಂದಿಳಿದವರ ಸುಸ್ತಿನ ಹಾಗೇ ಅದು. ಸೋಮವಾರದ ಬೇಸರಕ್ಕೆ ಕೆಲಸವೇ ಕಾರಣ ಅಂತ ಎಷ್ಟೋ ವರ್ಷ ನಂಬಿದ್ದೆ. ಅರ್ಧ ಕಾರಣ ನನ್ನ ಭಾನುವಾರದ ನಿದ್ದೆಯಲ್ಲಿತ್ತು.

ಫೋನನ್ನು ಮಲಗುವ ಕೋಣೆಯಿಂದ ಹೊರಗಿಟ್ಟೆ. ಒಂದು ಸಣ್ಣ ಗಡಿಯಾರ ತಂದು ಬಾಗಿಲಾಚೆ ಕಪಾಟಿನ ಮೇಲಿಟ್ಟೆ. ಅದನ್ನು ಆರಿಸಬೇಕಾದರೆ ಹೊದಿಕೆ ಸರಿಸಿ ಏಳು ಹೆಜ್ಜೆ ನಡೆಯಬೇಕು. ತಣ್ಣನೆಯ ನೆಲ, ಕಣ್ಣು ಅರ್ಧ ಮುಚ್ಚಿರುತ್ತೆ, ಕೈ ತಡವಿ ಗುಂಡಿ ಒತ್ತುತ್ತೆ. ಅಲ್ಲಿಗೆ ಬಂದ ಮೇಲೆ ವಾಪಸ್ ಹೋಗಲು ಮನಸ್ಸು ಬರುವುದು ಕಡಿಮೆ. ಎದ್ದ ಮೇಲೆ 15–30 ನಿಮಿಷ, ಕೆಲವೊಮ್ಮೆ ಒಂದು ಗಂಟೆವರೆಗೂ ಮಿದುಳಿಗೆ ನಿದ್ದೆಯ ಮಂಪರು ಇರುತ್ತೆ. ಆ ಹೊತ್ತಿನಲ್ಲಿ ಯಾವ ತೀರ್ಮಾನವೂ ಬೇಡ. ನಡೆಯಲು ಹೋಗಬೇಕೋ ಬೇಡವೋ ಅಂತ ಆಗ ಕೇಳಿಕೊಂಡರೆ ಬೇಡ ಅಂತಲೇ ಉತ್ತರ ಬರೋದು. ಅದಕ್ಕೆ ಬಟ್ಟೆ, ಚಪ್ಪಲಿ, ನೀರಿನ ಲೋಟ ಎಲ್ಲ ಹಿಂದಿನ ರಾತ್ರಿಯೇ ಎತ್ತಿಡುತ್ತೇನೆ.

ಆಮೇಲೆ ಸೀದಾ ಹೊರಗೆ. ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ ಅಂತ ನನ್ನ ನಂಬಿಕೆ. ನಮ್ಮ ಮಿದುಳಿನಲ್ಲಿ ಒಂದು ಗಡಿಯಾರ ಇದೆ. ಬಹಳಷ್ಟು ಜನರಲ್ಲಿ ಅದು 24 ಗಂಟೆಗಿಂತ ಕೆಲವು ನಿಮಿಷ ನಿಧಾನ. ಬಿಟ್ಟರೆ ದಿನಾ ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ಮತ್ತೆ ಸರಿಯಾದ ಹೊತ್ತಿಗೆ ಬಂದು ನಿಲ್ಲುತ್ತೆ. ಮೈಯ ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಮನೆಯೊಳಗೆ ದೀಪ ಹಾಕಿಕೊಂಡರೆ ಸಾಲದಾ ಅಂತ ನನಗೂ ಅನಿಸಿತ್ತು. ಒಂದು ದಿನ ಫೋನಿನ ಆ್ಯಪ್‌ನಲ್ಲಿ ಅಳೆದು ನೋಡಿದೆ. ಬೆಳಕನ್ನು ಲಕ್ಸ್ ಅನ್ನುವ ಮಾನದಲ್ಲಿ ಅಳೆಯುತ್ತಾರೆ. ದೀಪ ಉರಿಯುತ್ತಿದ್ದ ಕೋಣೆಯಲ್ಲಿ 140 ಲಕ್ಸ್. ಹೊರಗೆ ಬಂದರೆ, ಮೋಡ ಕವಿದ ಬೆಳಿಗ್ಗೆ 7ಕ್ಕೆ, 3,000 ದಾಟಿತ್ತು. ಕಣ್ಣಿಗೆ ಎರಡೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತೆ, ವ್ಯತ್ಯಾಸ ಮಾತ್ರ ಇಪ್ಪತ್ತು ಪಟ್ಟು. ಅವತ್ತಿನಿಂದ ಹೊರಗೆ ಹೋಗೋದನ್ನು ಬೇಕಂತ ತಪ್ಪಿಸಿಲ್ಲ. ಸೂರ್ಯನನ್ನು ದಿಟ್ಟಿಸಿ ನೋಡಬಾರದು, ಸುಮ್ನೆ ಆ ಬೆಳಕಿನಲ್ಲಿ ಇದ್ದರೆ ಸಾಕು.

ನಾಲ್ಕನೇ ವಾರಕ್ಕೆ ರಾತ್ರಿ 10.30ಕ್ಕೆ ತಾನಾಗಿ ಕಣ್ಣು ಎಳೆಯಲು ಶುರುವಾಯ್ತು. ಬೇಗ ಮಲಗಬೇಕು ಅಂತ ನಾನು ಪ್ರಯತ್ನವೇ ಮಾಡಿರಲಿಲ್ಲ. ಒಂದು ಬದಲಾವಣೆ ಮಾತ್ರ ಮಾಡಿದ್ದೆ, ಮಧ್ಯಾಹ್ನ 2ರ ನಂತರ ಕಾಫಿ ಬಿಟ್ಟಿದ್ದೆ. ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5.30ರ ಕಾಫಿಯ ಅರ್ಧ ಭಾಗ ರಾತ್ರಿ 10.30ಕ್ಕೂ ಮೈಯಲ್ಲೇ ಇರುತ್ತೆ.

ಎರಡನೇ ತಿಂಗಳು ಹತ್ತು ನಿಮಿಷದ ನಡಿಗೆ ಸೇರಿಸಿದೆ. ಅದೇ ಬೆಳೆದು 25 ನಿಮಿಷ ಆಯ್ತು. ವಾರಕ್ಕೆ ಆರು ದಿನ ನಡೆದರೆ 150 ನಿಮಿಷ, ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಇಷ್ಟಾದರೂ ಬೇಕು ಅನ್ನುವ ಲೆಕ್ಕ ಅಲ್ಲಿಗೆ ತುಂಬಿತು. ಧ್ಯಾನ, ಡೈರಿ ಎರಡನ್ನೂ ಕೈಬಿಟ್ಟೆ. ನನಗೆ ಒಗ್ಗಲಿಲ್ಲ.

ನಡುವೆ ಜ್ವರ ಬಂದು ಐದು ದಿನ ಎಲ್ಲ ನಿಂತಿತು. ಮೊದಲಿನ ನಾನಾಗಿದ್ದರೆ ಅಲ್ಲೇ ಬಿಟ್ಟುಬಿಡುತ್ತಿದ್ದೆ. ಆ ಹೊತ್ತಿಗೆ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಒಂದು ಅಧ್ಯಯನದ ಬಗ್ಗೆ ಓದಿದ್ದೆ. 96 ಜನರನ್ನು 12 ವಾರ ಗಮನಿಸಿದ್ದರು. ಹೊಸ ಕೆಲಸ ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಹಿಡಿಯುತ್ತೆ, ಕೆಲವರಿಗೆ 18, ಇನ್ನು ಕೆಲವರಿಗೆ 254ರವರೆಗೂ ಆಗಬಹುದು ಅಂತ ಲೆಕ್ಕ ಸಿಕ್ಕಿತ್ತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಅಂತಲೂ ಕಂಡಿತ್ತು. ನನಗೆ ಅದು ದೊಡ್ಡ ಧೈರ್ಯ ಕೊಟ್ಟಿತು. ಜ್ವರ ಬಿಟ್ಟ ಮಾರನೇ ದಿನ 6.15ಕ್ಕೆ ಎದ್ದು ಹೊರಗೆ ನಿಂತೆ, ನಡೆಯಲಿಲ್ಲ, ಅಷ್ಟೇ.

ರಾತ್ರಿ ಪಾಳಿಯವರಿಗೆ, ಎಳೆ ಮಗು ಇರುವವರಿಗೆ ನನ್ನ ದಾರಿ ಹೊಂದಲಿಕ್ಕಿಲ್ಲ. ಅವರು ಮೊದಲು ನಿದ್ದೆ ಸಿಕ್ಕಷ್ಟು ಮಾಡಲಿ.

ಏನು ಬದಲಾಯ್ತು ಅಂತ ಕೇಳಿದರೆ ನನಗೇ ಬೇಗ ಗೊತ್ತಾಗಲಿಲ್ಲ. ಮಧ್ಯಾಹ್ನದ ತೂಕಡಿಕೆ ಈಗಲೂ ಸ್ವಲ್ಪ ಇದೆ, ಆದರೆ ಒಂದೇ ಸಾಲನ್ನು ಮೂರು ಸಲ ಓದುವ ಸ್ಥಿತಿ ಇಲ್ಲ. ಗೊತ್ತು ಮಾಡಿಸಿದ್ದು ಮಗಳು. ಮೂರನೇ ತಿಂಗಳಿರಬೇಕು, ಶಾಲೆಗೆ ಹೊರಟವಳು ಬಾಗಿಲಲ್ಲಿ ಕೂತು ಶೂ ಹಾಕಿಕೊಳ್ಳುತ್ತಾ, "ಅಪ್ಪಾ, ನೀನೀಗ ಬೇಗ ಬೇಗ ಅನ್ನೋದೇ ಇಲ್ಲ" ಅಂದಳು. ಲೇಸ್ ಕಟ್ಟಲು ಅವಳಿಗೆ ಎರಡು ನಿಮಿಷ ಬೇಕು. ಕುಣಿಕೆ ಮಾಡುತ್ತಾಳೆ, ಜಾರುತ್ತೆ, ಮತ್ತೆ ಮಾಡುತ್ತಾಳೆ. ಮೊದಲೆಲ್ಲ ಅವಳ ಕೈಯಿಂದ ಕಿತ್ತುಕೊಂಡು ನಾನೇ ಕಟ್ಟುತ್ತಿದ್ದೆ. ಈಗ ಪಕ್ಕದಲ್ಲಿ ಕೂತು, ಗಂಟು ಬೀಳುವವರೆಗೆ ಕಾಯುತ್ತೇನೆ.