ಮೇಲ್ ಸಾಗಿಸುವ ಮೊದಲು ಫೋಲ್ಡರ್ ಹೆಸರು ನೋಡಿ

ಪುಣೆಯ ಕೊಥ್ರೂಡ್‌ನಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಬಳಗ ಇದೆ. ಅದರ ಮೇಲ್‌ಗಳನ್ನೆಲ್ಲ ಹಳೇ ಸರ್ವರ್‌ನಿಂದ ಡವ್‌ಕಾಟ್ ಅನ್ನುವ ಮೇಲ್ ಸಾಫ್ಟ್‌ವೇರ್ ಇರುವ ಹೊಸ ಸರ್ವರ್‌ಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಇಂಥ ಕೆಲಸದಲ್ಲಿ ನಾನು ಮೊದಲು ನೋಡುವುದು ಫೋಲ್ಡರ್ ಹೆಸರುಗಳನ್ನು. ಪರದೆಯ ಮೇಲೆ ಕಾಣೋ ಹೆಸರೇ ಬೇರೆ, ಸರ್ವರ್ ಇಟ್ಟುಕೊಂಡಿರೋ ಹೆಸರೇ ಬೇರೆ.

ಮೇಲ್ ಆ್ಯಪ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಭಾಷೆ ಐಮ್ಯಾಪ್. ಅದರಲ್ಲಿ ಫೋಲ್ಡರ್ ಪಟ್ಟಿ ಕೇಳುವ ಲಿಸ್ಟ್ ಕಮಾಂಡ್ ಕೊಟ್ಟರೆ ಎಲ್ಲ ಗೊತ್ತಾಗುತ್ತದೆ. ಹಳೇ ಸರ್ವರ್ ಫೋಲ್ಡರ್‌ಗೂ ಒಳಫೋಲ್ಡರ್‌ಗೂ ನಡುವೆ ಓರೆಗೆರೆ ಹಾಕುತ್ತಿತ್ತು. ಹೊಸದರಲ್ಲಿ ಮೇಲ್ ಇಡುವ ವಿಧಾನ ಮೇಲ್‌ಡಿರ್, ಅಲ್ಲಿ ಓರೆಗೆರೆಯ ಬದಲು ಚುಕ್ಕಿ. ನಮ್ಮಲ್ಲಿ ‘1.11.2019 ರಾಜ್ಯೋತ್ಸವ’ ಅಂತ ಒಂದು ಫೋಲ್ಡರ್ ಇತ್ತು. ಹಾಗೇ ಬಿಟ್ಟಿದ್ದರೆ ‘1’, ಅದರೊಳಗೆ ‘11’, ಅದರೊಳಗೆ ‘2019 ರಾಜ್ಯೋತ್ಸವ’ ಆಗುತ್ತಿತ್ತು. ಚುಕ್ಕಿ ತೆಗೆದು ಹೈಫನ್ ಹಾಕಿದೆ.

ಕನ್ನಡ ಹೆಸರುಗಳ ವಿಷಯ ನನಗೆ ತುಂಬಾ ಇಷ್ಟ. ಅವು ‘ಮಾಡಿಫೈಡ್ ಯುಟಿಎಫ್-7’ ರೂಪದಲ್ಲಿ, ಅಂದರೆ ಬೇರೆ ಲಿಪಿಯನ್ನು ಇಂಗ್ಲಿಷ್ ಕೀಬೋರ್ಡಿನ ಅಕ್ಷರಗಳಲ್ಲೇ ಬರೆಯುವ ಸಂಕೇತದಲ್ಲಿ, ಡಿಸ್ಕ್ ಸೇರುತ್ತವೆ. ‘ಸಭೆ’ ಅನ್ನುವುದು ಒಂದು ಆಂಪರ್‌ಸ್ಯಾಂಡ್ (&), ಎಂಟು ಇಂಗ್ಲಿಷ್ ಅಕ್ಷರ, ಕೊನೆಗೊಂದು ಹೈಫನ್ ಆಗುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸಿಕ್ಕಿರುವ ಜಾಗದಿಂದಾಗಿ ಆಂಪರ್‌ಸ್ಯಾಂಡ್ ಆದಮೇಲೆ ಯಾವಾಗಲೂ ‘ಡಿ’ ಬರುತ್ತದೆ. ದೇವನಾಗರಿಗೆ ‘ಸಿ’. ನಮ್ಮ ಖಜಾಂಚಿ ಮರಾಠಿಯಲ್ಲಿ ಫೋಲ್ಡರ್ ಮಾಡಿಟ್ಟಿದ್ದರು, ಕಾರ್ಯದರ್ಶಿ ಕನ್ನಡದಲ್ಲಿ. ಆ ಒಂದು ಅಕ್ಷರ ನೋಡಿಯೇ ಯಾವುದು ಯಾರದ್ದು ಅಂತ ಹೇಳಬಹುದಿತ್ತು. ಈ ಹೆಸರುಗಳನ್ನು ಡಿಸ್ಕ್‌ನಲ್ಲಿ ಕೈಯಾರೆ ತಿದ್ದಲೇಬಾರದು. ಕೊನೆಯ ಹೈಫನ್ ಬಿಟ್ಟುಹೋದರೂ ಹೆಸರು ಕೆಡುತ್ತದೆ.

“ನೋಡಪ್ಪಾ, ಫೋನಿಂದ ಕಳಿಸಿದ್ದು ಆಫೀಸ್ ಕಂಪ್ಯೂಟರಲ್ಲಿ ಕಾಣೋದೇ ಇಲ್ಲ” ಅಂತ ಕಾರ್ಯದರ್ಶಿಗಳು ಮೊದಲೇ ಹೇಳಿದ್ದರು. ಕಾರಣ ಸಿಕ್ಕಿತು. ಔಟ್‌ಲುಕ್ ‘ಸೆಂಟ್ ಐಟಮ್ಸ್’ಗೆ ಹಾಕುತ್ತಿತ್ತು, ಐಫೋನ್ ‘ಸೆಂಟ್ ಮೆಸೇಜಸ್’ಗೆ, ಥಂಡರ್‌ಬರ್ಡ್ ಬರೀ ‘ಸೆಂಟ್’ಗೆ. ಆರ್‌ಎಫ್‌ಸಿ ಅಂದರೆ ಇಂಟರ್‌ನೆಟ್‌ನ ನಿಯಮಗಳ ದಾಖಲೆ. 2011ರ ಆರ್‌ಎಫ್‌ಸಿ 6154 ಬಂದಿದ್ದೇ ಇಂಥದ್ದಕ್ಕೆ. ಹೆಸರು ಏನೇ ಇರಲಿ, ಕಳಿಸಿದ ಮೇಲ್ ಇಡುವ ಜಾಗ ಇದು ಅಂತ ಸರ್ವರ್ ಒಂದು ಗುರುತು ಹಚ್ಚುತ್ತದೆ. ಮೂರನ್ನೂ ಒಂದೇ ಫೋಲ್ಡರ್‌ಗೆ ಸೇರಿಸಿ ಗುರುತು ಹಚ್ಚಿದೆ. ಗುರುತು ಓದದ ಹಳೇ ಆ್ಯಪ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಆರಿಸಬೇಕು.

ಆಮೇಲೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮೇಲ್ ಕಾಪಿ ಮಾಡುವ ಐಮ್ಯಾಪ್‌ಸಿಂಕ್‌ನಲ್ಲಿ ಫೋಲ್ಡರ್‌ಗಳಷ್ಟನ್ನೇ ಡ್ರೈ ರನ್ ಮಾಡಿದೆ, ಅಂದರೆ ಏನೂ ಬದಲಿಸದ ಬರೀ ಪರೀಕ್ಷೆ. ಯಾವ ಫೋಲ್ಡರ್ ಎಲ್ಲಿಗೆ ಹೋಗುತ್ತದೆ ಅಂತ ಪಟ್ಟಿ ಬರುತ್ತದೆ. ಅದನ್ನು ಸಾಲು ಸಾಲಾಗಿ ಓದಿ ಆಮೇಲೇ ಮೇಲ್ ಕಾಪಿ ಮಾಡಿದೆ.

ಫೋಲ್ಡರ್ ಬಂದಿದ್ದರೂ ಕಾಣದಿದ್ದರೆ ಗಾಬರಿ ಬೇಡ. ಥಂಡರ್‌ಬರ್ಡ್ ಸಬ್‌ಸ್ಕ್ರೈಬ್ ಆದದ್ದನ್ನು, ಅಂದರೆ ತೋರಿಸು ಅಂತ ನಾವು ಆರಿಸಿದ್ದನ್ನು, ಮಾತ್ರ ತೋರಿಸುತ್ತದೆ. ಅದರ ಸಬ್‌ಸ್ಕ್ರೈಬ್ ಪಟ್ಟಿಯಲ್ಲಿ ಟಿಕ್ ಹಾಕಿದರೆ ಸಾಕು. ಸರ್ವರ್ ಬದಲಾದರೆ ಫೋನ್‌ಗಳು ಎಲ್ಲಾ ಮೇಲ್ ಮತ್ತೆ ಇಳಿಸಿಕೊಳ್ಳುತ್ತವೆ. ಡೇಟಾ ಜಾಸ್ತಿ ಖರ್ಚಾಗುತ್ತದೆ, ಮನೆಯ ವೈಫೈನಲ್ಲಿ ಮಾಡಿ ಅಂತ ಎಲ್ಲರಿಗೂ ಮುಂಚೆಯೇ ಹೇಳಿಟ್ಟಿದ್ದೆ.