ಪರದೇಶದ ಓಡಾಟದಲ್ಲಿ ನನ್ನ ಹಣದ ವ್ಯವಸ್ಥೆ

ಪೀಣ್ಯದ ಕಾರ್ಖಾನೆಯೊಂದರ ಯಂತ್ರಗಳನ್ನು ಜರ್ಮನಿ ಹಾಗೂ ಚೆಕ್ ಗಣರಾಜ್ಯದ ಗಿರಾಕಿಗಳಲ್ಲಿ ಅಳವಡಿಸಿಕೊಡುವುದು ನನ್ನ ಕೆಲಸ. ವರ್ಷಕ್ಕೆ ಐದಾರು ಸಲ ವಿಮಾನ ಹತ್ತಿದರೂ ಒಮ್ಮೆಗೆ ಮೂರು ವಾರಕ್ಕಿಂತ ಹೆಚ್ಚು ಹೊರಗಿರುವುದಿಲ್ಲವಾದ್ದರಿಂದ, ಅನಿವಾಸಿಗಳ ಎನ್‌ಆರ್‌ಇ ಖಾತೆ ನನಗೆ ಸಿಗುವಂಥದ್ದಲ್ಲ. ಊರಿನ ಉಳಿತಾಯ ಖಾತೆಯಲ್ಲೇ ಎಲ್ಲವನ್ನೂ ನಿಭಾಯಿಸಬೇಕು.

ಸಂಬಳದ ಖಾತೆಯ ಕಾರ್ಡನ್ನು ನಾನು ಹೊರದೇಶಕ್ಕೆ ಒಯ್ಯುವುದಿಲ್ಲ. ಪ್ರವಾಸಕ್ಕೆಂದೇ ಬೇರೊಂದು ಬ್ಯಾಂಕಿನಲ್ಲಿ ತೆರೆದ ಖಾತೆಗೆ ಬೇಕಾದಷ್ಟೇ ಹಣ ಹಾಕಿ, ಅದರ ಕಾರ್ಡಿಗೆ ವಿದೇಶಿ ಬಳಕೆಯನ್ನು ಹೊರಡುವ ಹಿಂದಿನ ದಿನ ಆ್ಯಪ್‌ನಲ್ಲಿ ಚಾಲೂ ಮಾಡಿ, ಮರಳಿದ ದಿನವೇ ನಿಲ್ಲಿಸುತ್ತೇನೆ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಷ್ಟೇ ನಡೆಯುವಂತೆ ಬರುತ್ತವೆ. ಅದನ್ನು ಮರೆತು ಒಮ್ಮೆ ಸ್ಟುಟ್‌ಗಾರ್ಟ್ ರೈಲು ನಿಲ್ದಾಣದಲ್ಲಿ ಟಿಕೆಟ್ ಯಂತ್ರದೆದುರು ಪೆಚ್ಚಾಗಿ ನಿಂತಿದ್ದೆ: ಬಳಕೆ ಚಾಲೂ ಮಾಡಲು ಒಟಿಪಿ ಬೇಕು, ಒಟಿಪಿ ಬರಲು ಸಿಮ್‌ಗೆ ರೋಮಿಂಗ್ ಬೇಕು, ಅದನ್ನು ನಾನು ಹಾಕಿಸಿರಲಿಲ್ಲ. ಅಂದು ಕಾಪಾಡಿದ್ದು ಜೇಬಿನಲ್ಲಿದ್ದ ಇಪ್ಪತ್ತು ಯೂರೋ ನೋಟು.

ಜರ್ಮನಿಗೆ ಫಾರೆಕ್ಸ್ ಕಾರ್ಡ್, ಎಂದರೆ ಮೊದಲೇ ಯೂರೋ ಕೊಂಡು ತುಂಬಿಟ್ಟ ಕಾರ್ಡ್, ಸಾಕು. ಅದನ್ನೇ ಪ್ರಾಗ್‌ನಲ್ಲಿ ಉಜ್ಜಿದರೆ ಚೆಕ್ ಹಣವಾದ ಕೊರುನಾಕ್ಕೆ ಬದಲಾಯಿಸುವ ಶುಲ್ಕ ಬೇರೆ ಬೀಳುವುದರಿಂದ, ಅಲ್ಲಿ ಕ್ರೆಡಿಟ್ ಕಾರ್ಡನ್ನೇ ಬಳಸುತ್ತೇನೆ. ಅದೂ ಪುಕ್ಕಟೆಯಲ್ಲ: ಶೇ. 3.5 ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 4.13. ಆದರೂ ಇದಕ್ಕಿಂತ ದುಬಾರಿಯಾದದ್ದೊಂದು ಅಲ್ಲಿನ ಹೋಟೆಲಿನಲ್ಲಿ ಎದುರಾಯಿತು. 4,800 ಕೊರುನಾ ಬಿಲ್ಲಿಗೆ ಸ್ವೈಪ್ ಯಂತ್ರವು ಕೊರುನಾ ಒಂದು ಕಡೆ, 18,400 ರೂಪಾಯಿ ಇನ್ನೊಂದು ಕಡೆ ತೋರಿಸಿ, ಯಾವುದರಲ್ಲಿ ಕೊಡುತ್ತೀರಿ ಎಂದು ಕೇಳಿತು. ನಮ್ಮ ರೂಪಾಯಿ ಕಂಡ ಖುಷಿಯಲ್ಲಿ ಅದನ್ನೇ ಒತ್ತಿದೆ. ಕೋಣೆಗೆ ಹೋಗಿ ಲೆಕ್ಕ ಹಾಕಿದರೆ ಅಂದಿನ ದರದಲ್ಲಿ ಅದು 17,300ರ ಆಸುಪಾಸು. ಹೋಟೆಲಿನವರ ಬ್ಯಾಂಕು ತನ್ನದೇ ದರ ಹಿಡಿದಿತ್ತು. ಅಂದಿನಿಂದ ಎಟಿಎಂ ಇರಲಿ, ಅಂಗಡಿ ಇರಲಿ, ಆಯಾ ದೇಶದ ಹಣದಲ್ಲಲ್ಲದೆ ನಾನು ಕೊಡುವುದಿಲ್ಲ.

ಉಳಿದ ನೋಟುಗಳನ್ನು ಪ್ರತಿ ಸಲ ಮಾರಿ ಮತ್ತೆ ಕೊಳ್ಳುವುದು ಎರಡು ಕಡೆಯ ನಷ್ಟ. 2,000 ಡಾಲರ್ ಮೌಲ್ಯದವರೆಗೆ ಮನೆಯಲ್ಲಿ ಇಟ್ಟುಕೊಳ್ಳಲು ಅವಕಾಶವಿದೆ, ಮೀರಿದ್ದನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ನನ್ನ ಬಿಸ್ಕತ್ತಿನ ಡಬ್ಬಿ ಆ ಮಿತಿಯನ್ನು ಎಂದೂ ಮುಟ್ಟಿಲ್ಲ. ನಾಣ್ಯಗಳನ್ನು ನಮ್ಮಲ್ಲಿನ ವಿನಿಮಯ ಅಂಗಡಿಯವರು ಮುಟ್ಟುವುದಿಲ್ಲವಾದ್ದರಿಂದ ಅವೂ ಅಲ್ಲೇ ಸೇರುತ್ತವೆ. ಜರ್ಮನಿಯ ಅಂಗಡಿಗಳಲ್ಲಿ ಸಾಮಾನಿನ ಗಾಡಿ ಬಿಡಿಸಲು ಬೇಕಾಗುವ ಒಂದು ಯೂರೋ ನಾಣ್ಯ ಮಾತ್ರ ಸದಾ ಪಾಸ್‌ಪೋರ್ಟಿನ ಚೀಲದಲ್ಲಿರುತ್ತದೆ.