ಪ್ರೂಫ್ ನಾಣ್ಯ ಕೊಳ್ಳುವ ಮುಂಚೆ ದೀಪದ ಕೆಳಗೆ ತಿರುಗಿಸಿ ನೋಡಿ

ಕಾರವಾರ, ಅಂಕೋಲಾ ಕಡೆ ನಾಣ್ಯ ಕೂಡಿಡುವವರಿಗೆ ಒಂದು ಮಾತು. ಪ್ರೂಫ್ ಅಂದರೆ ದರ್ಜೆ ಅಲ್ಲ, ನಾಣ್ಯ ತಯಾರಿಸುವ ಒಂದು ವಿಧಾನ. ಪಾಲಿಶ್ ಮಾಡಿದ ಅಚ್ಚಿನಲ್ಲಿ ಒಂದಕ್ಕಿಂತ ಜಾಸ್ತಿ ಸಲ ಒತ್ತುತ್ತಾರೆ. ಅದಕ್ಕೇ ಬಯಲು ಭಾಗ ಕನ್ನಡಿಯ ಹಾಗೆ ಹೊಳೆಯುತ್ತದೆ. ಚಿತ್ರ ಮಾತ್ರ ಮಂಜು ಕೂತಂತೆ ಮಾಸಲು ಬಿಳಿ.

ದರ್ಜೆ ಬೇರೆಯೇ, ಅದು ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅನ್ನೋದಕ್ಕೆ 70ಕ್ಕೆ ಕೊಡುವ ಅಂಕ. ಒಳ್ಳೆಯ ಪ್ರೂಫ್‌ಗೆ ಸಾಮಾನ್ಯವಾಗಿ 60ರಿಂದ 70ರವರೆಗೆ ಸಿಗುತ್ತದೆ. ಒಂದೇ ದೀಪದ ಕೆಳಗೆ, ಅಂಚು ಹಿಡಿದು, ನಿಧಾನ ತಿರುಗಿಸಿ. ಕೂದಲೆಳೆಯಂಥ ಗೆರೆಗಳು ಕಂಡವಾ? ಹೆಚ್ಚಾಗಿ ಯಾರೋ ಬಟ್ಟೆಯಲ್ಲಿ ಒರೆಸಿದ್ದಾರೆ ಅಂತ ಅರ್ಥ. ಬೆಲೆ ಅಲ್ಲೇ ಇಳಿಯಿತು. ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದೂ ಬೇಡ, ದಯವಿಟ್ಟು. ಒಮ್ಮೆ ಹೋದ ಹೊಳಪು ಮತ್ತೆ ಬರೋದಿಲ್ಲ.

ಬೆಲೆ ಕೇಳುವಾಗ ಮೊದಲು ಲೋಹ ನೋಡಿ. 1985ರ ಇಂದಿರಾ ಗಾಂಧಿ ಸ್ಮರಣೆಯ 100 ರೂಪಾಯಿ ನಾಣ್ಯದ ತೂಕ 35 ಗ್ರಾಂ, ಅದರಲ್ಲಿ ಅರ್ಧ ಬೆಳ್ಳಿ. ಅಂದರೆ 17.5 ಗ್ರಾಂ ಬೆಳ್ಳಿಯ ಇವತ್ತಿನ ದರ ಗೊತ್ತಿದ್ದರೆ, ಅದರ ಮೇಲೆ ಎಷ್ಟು ಕೇಳುತ್ತಿದ್ದಾರೆ ಅಂತ ತಿಳಿಯುತ್ತದೆ. ಟಂಕಸಾಲೆಯ ಮೂಲ ಡಬ್ಬಿ ಇದ್ದರೆ ಸ್ವಲ್ಪ ಜಾಸ್ತಿ ಕೊಡಬಹುದು.

ನಮ್ಮ ಉಪ್ಪುಗಾಳಿಗೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ಪಿವಿಸಿ ಪ್ಲಾಸ್ಟಿಕ್ ಕವರ್ ಬಿಡಿ, ಗಟ್ಟಿ ಕ್ಯಾಪ್ಸೂಲ್‌ನಲ್ಲಿಡಿ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣವಿರಲಿ, ಮಳೆಗಾಲದಲ್ಲಿ ಅದನ್ನು ಆಗಾಗ ಬದಲಿಸಿ.